ಅತ್ತೆಗೆ ಥೈರಾಯ್ಡ್ ಗಂಟು, ಆಪರೇಷನ್ ಅಂತಿದ್ದಾರೆ. ಹಳೇ ಕಿಡ್ನಿ ಕಲ್ಲಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಶಿಡ್ಲಘಟ್ಟ ಸೊಸೆ | ಭಾನುವಾರ, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮತ್ತೆಗೆ 54 ವರ್ಷ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಎರಡು ವರ್ಷದಿಂದ ಅವರಿಗೆ ಮೈಕೈ ನೋವು, ಸೊಂಟ ನೋವು. ಮೊದಲು ಹಿಪ್ಪುನೇರಳೆ ಸೊಪ್ಪಿನ ಹೊರೆ ಒಬ್ಬರೇ ತಲೆ ಮೇಲೆ ಎತ್ತಿಕೊಳ್ಳುತ್ತಿದ್ದವರು, ಈಗ ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ಎತ್ತಿ ಗೋಡೆಗೆ ಒರಗಿಸಲೂ ನನ್ನನ್ನು ಕರೆಯುತ್ತಾರೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಅಂತ ಊರೆಲ್ಲಾ ಹೇಳಿತು. ಕ್ಯಾನ್ ನೀರು ತರಿಸಲು ಶುರು ಮಾಡಿದೆವು, ನೋವು ಇದ್ದ ಹಾಗೇ ಇದೆ. ಈ ನಡುವೆ ಕಿಡ್ನಿಯಲ್ಲಿ ಕಲ್ಲು ಎರಡು ಸಲ ಆಯಿತು. ಗಡಸು ನೀರು ಅಂದರು. ಮಲಬದ್ಧತೆ, ಸುಸ್ತು, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು, ಇದಕ್ಕೆಲ್ಲಾ "ವಯಸ್ಸಾಯಿತು" ಅಂತ ಅವರೇ ಹೇಳಿಕೊಂಡರು.

ಹೋದ ತಿಂಗಳು ಮದುವೆಗೆ ಹೊರಟಾಗ ಅವರಿಗೆ ಸರ ಹಾಕುತ್ತಿದ್ದೆ. ಕೊಂಡಿ ಹಾಕುವಾಗ ಬಲಗಡೆ ಕುತ್ತಿಗೆ ಸ್ವಲ್ಪ ಉಬ್ಬಿದ ಹಾಗೆ ಕಂಡಿತು. ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಟಿಎಸ್‌ಹೆಚ್ (ಥೈರಾಯ್ಡ್ ರಕ್ತ ಪರೀಕ್ಷೆ) 2.8, ನಾರ್ಮಲ್. ಅಲ್ಟ್ರಾಸೌಂಡ್‌ನಲ್ಲಿ ಎಡಗಡೆ ಕೆಳಗೆ, ಹಿಂಭಾಗದಲ್ಲಿ 2.2 ಸೆಂ.ಮೀ. ಗಂಟು ಸಿಕ್ಕಿತು. ಬಲಗಡೆ 1.3 ಸೆಂ.ಮೀ. ಇನ್ನೊಂದು. ದೊಡ್ಡದಕ್ಕೆ ಸೂಜಿ ಹಾಕಿ ಜೀವಕೋಶ ತೆಗೆದು ನೋಡುವ ಎಫ್‌ಎನ್‌ಎಸಿ ಮಾಡಿದರು. ರಿಪೋರ್ಟ್: "ಫಾಲಿಕ್ಯುಲರ್ ನಿಯೋಪ್ಲಾಸಂ, ಬೆಥೆಸ್ಡಾ 4", ಅಂದರೆ ಕ್ಯಾನ್ಸರ್ ಇದ್ದರೂ ಇರಬಹುದು ಅನ್ನುವ ದರ್ಜೆ. ಎಡಗಡೆ ಅರ್ಧ ಥೈರಾಯ್ಡ್ ತೆಗೆಯಬೇಕು, ಮುಂದಿನ ವಾರ ಬಂದು ಅಡ್ಮಿಟ್ ಆಗಿ ಅಂದಿದ್ದಾರೆ.

ನನ್ನ ಪ್ರಶ್ನೆ ಒಂದೇ. ಥೈರಾಯ್ಡ್ ಗಂಟಿನಿಂದ ಮೂಳೆ ನೋವು, ಕಿಡ್ನಿ ಕಲ್ಲು ಬರುತ್ತಾ? ಡಾಕ್ಟರನ್ನು ಕೇಳಿದರೆ "ಅದು ಬೇರೆ, ಇದು ಬೇರೆ" ಅಂದುಬಿಟ್ಟರು.

ಗೌರಿಬಿದನೂರು ಗೆಳೆಯ | ಭಾನುವಾರ, ರಾತ್ರಿ 10:41

ಕಿಡ್ನಿ ಕಲ್ಲಿಗೆ ಬಾಳೆದಿಂಡಿನ ರಸ ಕೊಡಿ ಅಕ್ಕ. ನಮ್ಮಪ್ಪನಿಗೆ ಹದಿನೈದು ದಿನದಲ್ಲಿ ಹೋಯ್ತು. ಥೈರಾಯ್ಡ್‌ಗೆ ಈಗಲೇ ಚಾಕು ಹಾಕಿಸಬೇಡಿ.

ಪಾವಗಡ ಮೇಷ್ಟ್ರು | ಭಾನುವಾರ, ರಾತ್ರಿ 11:05

ಮಗಳೇ, ಫ್ಲೋರೈಡ್ ಅನ್ನುವುದನ್ನು ಹಗುರವಾಗಿ ಬಿಡಬೇಡ. ನಮ್ಮ ಪಾವಗಡದ ನೀರಿನ ಕಥೆ ಗೊತ್ತಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಆಗಬಹುದು ಅಂತ ನಿಯಮ. ನಮ್ಮ ಎಷ್ಟೋ ಬೋರ್‌ವೆಲ್‌ಗಳು ಅದನ್ನು ಯಾವತ್ತೋ ದಾಟಿವೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಹಲ್ಲು ಕಂದಾಗಿರುವ ಮಕ್ಕಳನ್ನು ಬೆಂಚಿಗೆ ಇಬ್ಬರಂತೆ ನೋಡಿದ್ದೇನೆ. ಬೆನ್ನು ಬಾಗದ ಹಿರಿಯರೂ ಇದ್ದಾರೆ. ಮೂಳೆ ನೋವು ಅಂದರೆ ನನಗೆ ಮೊದಲು ನೆನಪಾಗುವುದು ನೀರು.

ಆದರೆ ಕಲ್ಲು, ಮಲಬದ್ಧತೆ, ರಾತ್ರಿ ಮೂತ್ರ, ಇವೆಲ್ಲಾ ಒಟ್ಟಿಗೆ ಯಾಕೆ ಅನ್ನುವುದು ನನಗೆ ಗೊತ್ತಾಗುತ್ತಿಲ್ಲ. ತಿಳಿದವರು ಹೇಳಲಿ.

ಮುಳಬಾಗಿಲು ದೋಸೆ | ಸೋಮವಾರ, ಬೆಳಿಗ್ಗೆ 6:12

ಅಕ್ಕ, ಅಡ್ಮಿಟ್ ಆಗುವ ಮೊದಲು ಒಂದೇ ಒಂದು ಕೆಲಸ ಮಾಡಿ. ರಕ್ತದಲ್ಲಿ ಕ್ಯಾಲ್ಸಿಯಂ ನೋಡಿಸಿ. ಹಳೇ ರಿಪೋರ್ಟ್ ಏನಾದರೂ ಇದ್ದರೆ ಈಗಲೇ ತೆಗೆದು ನೋಡಿ.

ನೀವು ಬರೆದಿದ್ದು ಓದಿ ನನಗೆ ನನ್ನದೇ ಕಥೆ ಓದಿದ ಹಾಗಾಯಿತು. ನನಗೆ ಮೂರು ಸಲ ಕಲ್ಲು. ಮೂರೂ ಸಲ ಒಡೆಸಿದೆ, ಒಂದು ಸಲವೂ ಯಾರೂ ಕ್ಯಾಲ್ಸಿಯಂ ನೋಡಲಿಲ್ಲ. ಕೊನೆಗೆ ಬಾತ್‌ರೂಮಲ್ಲಿ ಜಾರಿ ಮಣಿಕಟ್ಟು ಮುರಿದಾಗ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ "ಇಷ್ಟು ವಯಸ್ಸಿಗೆ ಇಷ್ಟು ತೆಳು ಮೂಳೆಯಾ" ಅಂತ ಕ್ಯಾಲ್ಸಿಯಂ ಟೆಸ್ಟ್ ಬರೆದರು. ಕ್ಯಾಲ್ಸಿಯಂ 12.1 ಬಂತು. ಪ್ಯಾರಾಥೈರಾಯ್ಡ್ ಗಂಟು. ತೆಗೆಸಿ ಏಳು ವರ್ಷ ಆಯಿತು, ಆಮೇಲೆ ಕಲ್ಲಿಲ್ಲ.

ಶಿಡ್ಲಘಟ್ಟ ಸೊಸೆ | ಸೋಮವಾರ, ಬೆಳಿಗ್ಗೆ 7:50

ಪ್ಯಾರಾಥೈರಾಯ್ಡ್ ಅಂದರೆ ಥೈರಾಯ್ಡೇ ತಾನೇ? ಹಳೇ ಫೈಲ್ ಹುಡುಕಿದೆ. ಹೋದ ವರ್ಷ ಕಲ್ಲಿಗೆ ಹೋದಾಗಿನ ರಿಪೋರ್ಟ್‌ನಲ್ಲಿ ಕ್ಯಾಲ್ಸಿಯಂ 10.6, ಆಲ್ಬುಮಿನ್ 3.2 ಅಂತಿದೆ. 10.6 ಪಕ್ಕ ಒಂದು ಚುಕ್ಕಿ ಹಾಕಿದ್ದಾರೆ. "ಬಾರ್ಡರ್, ಪರವಾಗಿಲ್ಲ" ಅಂದಿದ್ದು ನೆನಪಿದೆ.

ಲ್ಯಾಬ್ ಅಣ್ಣ ಚಿಕ್ಕಬಳ್ಳಾಪುರ | ಸೋಮವಾರ, ಮಧ್ಯಾಹ್ನ 1:30

ಊಟದ ಬಿಡುವಲ್ಲಿ ಬರೆಯುತ್ತಿದ್ದೇನೆ. ಆ 10.6 ಬಾರ್ಡರ್ ಅಲ್ಲ ಅಮ್ಮಾ. ರಕ್ತದ ಕ್ಯಾಲ್ಸಿಯಂನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಆಲ್ಬುಮಿನ್ ಮುಂತಾದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ಕಮ್ಮಿ ಇದ್ದರೆ ಒಟ್ಟು ಲೆಕ್ಕವೂ ಕಮ್ಮಿ ಕಾಣುತ್ತದೆ. ಅದಕ್ಕೆ ಸರಿಪಡಿಸುವ ಲೆಕ್ಕ ಒಂದಿದೆ: 4ರಿಂದ ಆಲ್ಬುಮಿನ್ ಕಳೆಯಿರಿ, ಬಂದದ್ದನ್ನು 0.8ರಿಂದ ಗುಣಿಸಿ, ಕ್ಯಾಲ್ಸಿಯಂಗೆ ಕೂಡಿಸಿ. ನಿಮ್ಮತ್ತೆಯದು ಸುಮಾರು 11.2 ಆಗುತ್ತದೆ. ನಾರ್ಮಲ್ ಅಂದರೆ 8.5ರಿಂದ 10.5.

ಈಗ ಮತ್ತೆ ಮಾಡಿಸುವಾಗ ಎರಡೂ ಒಂದೇ ದಿನ, ಒಂದೇ ಸಲ ರಕ್ತ ಕೊಟ್ಟು ಮಾಡಿಸಿ: ಕ್ಯಾಲ್ಸಿಯಂ ಮತ್ತು ಪಿಟಿಹೆಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್). ಒಂದು ಇವತ್ತು, ಇನ್ನೊಂದು ಮುಂದಿನ ತಿಂಗಳು ಮಾಡಿಸಿದರೆ ಜೋಡಿಸಿ ನೋಡಲು ಆಗಲ್ಲ. ಜೊತೆಗೆ ಆಲ್ಬುಮಿನ್, ಫಾಸ್ಫರಸ್, ಕ್ರಿಯಾಟಿನಿನ್, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ.

ನಮ್ಮ ಕಡೆಯಿಂದ ಆಗುವ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಪಿಟಿಹೆಚ್‌ಗೆ ಸಾಮಾನ್ಯವಾಗಿ ನೇರಳೆ ಮುಚ್ಚಳದ ಟ್ಯೂಬ್ ಬಳಸುತ್ತೇವೆ. ಆ ಟ್ಯೂಬಿನ ರಕ್ತ ಅಪ್ಪಿತಪ್ಪಿ ಕ್ಯಾಲ್ಸಿಯಂ ಟ್ಯೂಬಿಗೆ ಬಿದ್ದರೆ ಕತೆ ಮುಗಿಯಿತು. ಅದರೊಳಗಿನ ಇಡಿಟಿಎ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ರಿಪೋರ್ಟ್‌ನಲ್ಲಿ ಕ್ಯಾಲ್ಸಿಯಂ ಪಾತಾಳಕ್ಕೆ ಹೋಗುತ್ತದೆ. ತೋಳಿನ ಪಟ್ಟಿ ಜಾಸ್ತಿ ಹೊತ್ತು ಬಿಗಿದರೆ ಉಲ್ಟಾ, ಸ್ವಲ್ಪ ಹೆಚ್ಚು ತೋರಿಸುತ್ತದೆ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುವವರು ಎರಡು ಮೂರು ದಿನ ಮೊದಲೇ ನಿಲ್ಲಿಸಬೇಕು, ಕೆಲವು ಮಷೀನ್‌ಗಳಲ್ಲಿ ಪಿಟಿಹೆಚ್, ಟಿಎಸ್‌ಹೆಚ್ ಎರಡೂ ಸುಳ್ಳು ಹೇಳುತ್ತವೆ. ಬಿಪಿಗೆ ಥಯಾಜೈಡ್ ಗುಂಪಿನ ಮಾತ್ರೆ, ಮನಸ್ಸಿನ ಕಾಯಿಲೆಗೆ ಲಿಥಿಯಂ, ಇವೂ ಕ್ಯಾಲ್ಸಿಯಂ ಏರಿಸುತ್ತವೆ. ಅವನ್ನು ಮಾತ್ರ ನೀವಾಗಿ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಗಂಟಲು ಕತ್ತರಿ ಕೋಲಾರ | ಸೋಮವಾರ, ರಾತ್ರಿ 9:15

ಶಸ್ತ್ರಚಿಕಿತ್ಸೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನೋಡದ ರೋಗಿಗೆ ಇಲ್ಲಿ ಔಷಧಿ ಬರೆಯಲ್ಲ, ವಿಷಯ ಮಾತ್ರ ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲ. ಪ್ಯಾರಾಥೈರಾಯ್ಡ್‌ಗೂ ಥೈರಾಯ್ಡ್‌ಗೂ ನೆರೆಮನೆ ಸಂಬಂಧ ಅಷ್ಟೇ. ಥೈರಾಯ್ಡ್ ಹಿಂದೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಇರುತ್ತವೆ, ಒಂದೊಂದು ಅಕ್ಕಿ ಕಾಳಿನಷ್ಟು. ಅವುಗಳ ಕೆಲಸ ಕ್ಯಾಲ್ಸಿಯಂ ನೋಡಿಕೊಳ್ಳುವುದು.

ನಮ್ಮ ಕಡೆಯವರಿಗೆ ಹೇಳುವುದು ಸುಲಭ. ನೀರುಗಂಟಿ ಗೊತ್ತಲ್ಲ? ಕೆರೆ ಅಂದರೆ ಮೂಳೆ, ಗದ್ದೆ ಅಂದರೆ ರಕ್ತ. ಗದ್ದೆಯಲ್ಲಿ ನೀರು ಕಮ್ಮಿ ಆದರೆ ನೀರುಗಂಟಿ ತೂಬು ಎತ್ತುತ್ತಾನೆ, ಸಾಕಾದರೆ ಮುಚ್ಚುತ್ತಾನೆ. ನಾಲ್ಕು ಜನ ನೀರುಗಂಟಿಗಳಲ್ಲಿ ಒಬ್ಬನಿಗೆ ತಲೆ ಕೆಟ್ಟರೆ? ಗದ್ದೆ ತುಂಬಿ ಬದು ಒಡೆದರೂ ತೂಬು ಎತ್ತಿಯೇ ಇರುತ್ತಾನೆ. ಕೆರೆ ಬರಿದಾಗುತ್ತದೆ, ಅದು ಮೂಳೆ ನೋವು. ಹೆಚ್ಚಾದ ನೀರು ಕಾಲುವೆಗೆ ಹೋಗಿ ಹೂಳು ಕಟ್ಟುತ್ತದೆ, ಅದು ಕಿಡ್ನಿ ಕಲ್ಲು. ಪಿಟಿಹೆಚ್ ಅಂದರೆ ತೂಬು ಎಷ್ಟು ಎತ್ತಿದೆ ಅನ್ನುವ ಅಳತೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕ್ಯಾಲ್ಸಿಯಂ ಜಾಸ್ತಿ ಇದ್ದು ಪಿಟಿಹೆಚ್ "ನಾರ್ಮಲ್" ಬಂದರೂ ಅದು ನಾರ್ಮಲ್ ಅಲ್ಲ. ಗದ್ದೆ ತುಂಬಿ ತುಳುಕುವಾಗ ತೂಬು ಅರ್ಧ ಎತ್ತಿದ್ದರೂ ತಪ್ಪೇ ತಾನೇ? ಆರೋಗ್ಯವಂತರಲ್ಲಿ ಆಗ ಪಿಟಿಹೆಚ್ ತಳ ಮುಟ್ಟಿರಬೇಕು.

ಈಗ ಎಫ್‌ಎನ್‌ಎಸಿ ವಿಷಯ. ಪ್ಯಾರಾಥೈರಾಯ್ಡ್ ಜೀವಕೋಶಗಳೂ ಥೈರಾಯ್ಡ್ ಫಾಲಿಕ್ಯುಲರ್ ಜೀವಕೋಶಗಳೂ ಮೈಕ್ರೋಸ್ಕೋಪಿನಲ್ಲಿ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ನೋಡುವವರಿಗೆ "ಇದು ಥೈರಾಯ್ಡ್ ಗಂಟು" ಅಂತ ಬರೆದು ಕಳಿಸಿದರೆ ಬೆಥೆಸ್ಡಾ 4 ಅಂತ ರಿಪೋರ್ಟ್ ಬರುವುದು ಆಶ್ಚರ್ಯವಲ್ಲ, ಅವರದ್ದು ತಪ್ಪೂ ಅಲ್ಲ. (ಬೆಥೆಸ್ಡಾ ಅಂದರೆ ಅಮೆರಿಕದ ಒಂದು ಊರು. 2007ರಲ್ಲಿ ಅಲ್ಲಿ ನಡೆದ ಸಭೆಯಿಂದ ಈ ಆರು ದರ್ಜೆಗಳಿಗೆ ಆ ಹೆಸರು ಬಂತು.) ನಿಮ್ಮ ರಿಪೋರ್ಟ್‌ನಲ್ಲಿ "ಎಡಗಡೆ ಕೆಳಗೆ, ಹಿಂಭಾಗದಲ್ಲಿ" ಅಂತ ಇದೆಯಲ್ಲ, ನನ್ನ ಕಣ್ಣು ಅಲ್ಲಿಗೇ ಹೋಯಿತು. ಕೆಳಗಿನ ಪ್ಯಾರಾಥೈರಾಯ್ಡ್ ಇರುವ ಜಾಗ ಅದೇ.

ನಾನಾಗಿದ್ದರೆ ಕ್ಯಾಲ್ಸಿಯಂ, ಪಿಟಿಹೆಚ್ ಬರುವವರೆಗೆ ಆಪರೇಷನ್ ತಾರೀಖು ಮುಂದೆ ಹಾಕಿಸುತ್ತಿದ್ದೆ. ಇದು ರಾತ್ರೋರಾತ್ರಿ ಓಡುವ ಕಾಯಿಲೆ ಅಲ್ಲ. ಆದರೆ ಕ್ಯಾಲ್ಸಿಯಂ 14ರ ಹತ್ತಿರ ಹೋದರೆ, ವಾಂತಿ, ಮಂಪರು ಬಂದರೆ ಅದು ಎಮರ್ಜೆನ್ಸಿ. ಆಗ ಇಲ್ಲಿ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ತಿಪಟೂರು ಕೊಬ್ಬರಿ | ಸೋಮವಾರ, ರಾತ್ರಿ 10:02

ಡಾಕ್ಟ್ರು ಹೇಳಿದ್ದು ನೂರಕ್ಕೆ ನೂರು. ನಮ್ಮಕ್ಕನಿಗೆ ಹೀಗೇ ಆಗಿದ್ದು. ದೊಡ್ಡ ಥೈರಾಯ್ಡ್ ಗಂಟು ಅಂತ ಪೂರ್ತಿ ತೆಗೆದರು. ಮೊದಲು ಕ್ಯಾಲ್ಸಿಯಂ ನೋಡಿರಲಿಲ್ಲ. ಆಮೇಲೆ ನೋಡಿದರೆ ಜಾಸ್ತಿ. ಸಾಮಾನ್ಯವಾಗಿ ಥೈರಾಯ್ಡ್ ತೆಗೆದ ಮೇಲೆ ಕ್ಯಾಲ್ಸಿಯಂ ಇಳಿಯುತ್ತೆ ಅಂತಾರೆ, ಇವಳಿಗೆ ಏರಿದೆ! ಒಂದೂವರೆ ವರ್ಷಕ್ಕೆ ಅದೇ ಕುತ್ತಿಗೆ ಮತ್ತೆ ಕೊಯ್ಯಬೇಕಾಯಿತು. ಎರಡನೇ ಸಲ ಒಳಗೆಲ್ಲಾ ಅಂಟಿಕೊಂಡಿರುತ್ತೆ, ಧ್ವನಿಯ ನರ ಹುಡುಕುವುದೇ ಕಷ್ಟ ಅಂತ ಮೊದಲೇ ಸಹಿ ಹಾಕಿಸಿಕೊಂಡರು. ಈಗಲೂ ಅವಳ ದನಿ ಸ್ವಲ್ಪ ಒಡಕು. ಭಜನೆಗೆ ಕೂರುವುದು ಬಿಟ್ಟಿದ್ದಾಳೆ. ಹತ್ತು ಪೈಸೆ ಟೆಸ್ಟ್ ಅದು, ಮೊದಲೇ ಮಾಡಿದ್ದಿದ್ದರೆ ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ನಿರ್ವಾಹಕ | ಸೋಮವಾರ, ರಾತ್ರಿ 10:30

ದಯವಿಟ್ಟು ಆಸ್ಪತ್ರೆ, ಡಾಕ್ಟರ ಹೆಸರು ಬರೆಯಬೇಡಿ. ರಿಪೋರ್ಟ್ ಫೋಟೋ ಹಾಕುವುದಾದರೆ ರೋಗಿಯ ಹೆಸರು, ಫೋನ್ ನಂಬರ್ ಮುಚ್ಚಿ ಹಾಕಿ. ಸುಣ್ಣದ ನೀರಿನ ಮದ್ದು ಅಂತ ಬಂದಿದ್ದ ಒಂದು ಕಾಮೆಂಟ್ ತೆಗೆದಿದ್ದೇನೆ. ಕ್ಯಾಲ್ಸಿಯಂ ಜಾಸ್ತಿ ಇರಬಹುದಾದವರಿಗೆ ಸುಣ್ಣ ಕುಡಿಸಿ ಅನ್ನುವುದು ತಮಾಷೆಯಲ್ಲ.

ಶಿಡ್ಲಘಟ್ಟ ಸೊಸೆ | ಗುರುವಾರ, ಸಂಜೆ 6:45

ರಿಪೋರ್ಟ್ ಬಂತು. ಕ್ಯಾಲ್ಸಿಯಂ 11.6, ಆಲ್ಬುಮಿನ್ 3.6. ಪಿಟಿಹೆಚ್ 212, ಪಕ್ಕದಲ್ಲಿ 15ರಿಂದ 65 ಅಂತಿದೆ. ಫಾಸ್ಫರಸ್ 2.3. ವಿಟಮಿನ್ ಡಿ 9. ಆಲ್ಕಲೈನ್ ಫಾಸ್ಫಟೇಸ್ 260. ಕ್ರಿಯಾಟಿನಿನ್ 0.9.

ಕೈ ನಡುಗಿತು. ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ ಬೇಡ ಅಂದೆ. ಅವರು "ನಿಮ್ಮಿಷ್ಟ" ಅಂದರು. ನಮ್ಮೆಜಮಾನರು ಸಿಟ್ಟಾಗಿದ್ದಾರೆ, ಮೊಬೈಲಲ್ಲಿ ಯಾರೋ ಹೇಳಿದರು ಅಂತ ಡಾಕ್ಟರ ಮಾತು ಮೀರುತ್ತೀಯಾ ಅಂತ. ಅತ್ತೆ ಮಾತ್ರ "ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ದಾಟಿದೆ, ಈ ಬೆಳೆ ಮುಗಿಯುವವರೆಗೆ ಎಲ್ಲಿಗೂ ಬರಲ್ಲ" ಅಂತ ಕೂತಿದ್ದಾರೆ.

ಪಾವಗಡ ಮೇಷ್ಟ್ರು | ಗುರುವಾರ, ರಾತ್ರಿ 8:10

ನನ್ನ ಫ್ಲೋರೈಡ್ ವಾದ ಹಿಂತೆಗೆದುಕೊಳ್ಳಲೇ? ಒಂದು ಕೇಳುತ್ತೇನೆ ಡಾಕ್ಟರೇ: ಫ್ಲೋರೈಡ್‌ನಿಂದಲೂ ಪಿಟಿಹೆಚ್ ಏರುತ್ತದೆ ಅಂತ ಎಲ್ಲೋ ಓದಿದ ನೆನಪು.

ಗಂಟಲು ಕತ್ತರಿ ಕೋಲಾರ | ಗುರುವಾರ, ರಾತ್ರಿ 9:40

ಮೇಷ್ಟ್ರೇ, ನೆನಪು ಸರಿಯಾಗಿದೆ. ಫ್ಲೋರೋಸಿಸ್‌ನಲ್ಲಿ ಪಿಟಿಹೆಚ್ ಏರಬಹುದು. ವಿಟಮಿನ್ ಡಿ ಕಮ್ಮಿ ಇದ್ದರೂ ಏರುತ್ತದೆ. ಆದರೆ ಅವೆರಡರಲ್ಲೂ ಕ್ಯಾಲ್ಸಿಯಂ ನಾರ್ಮಲ್ ಅಥವಾ ಕಮ್ಮಿ ಇರುತ್ತದೆ. ಗದ್ದೆ ಒಣಗಿದೆ ಅಂತ ನೀರುಗಂಟಿ ತೂಬು ಎತ್ತಿದರೆ ಅದು ಅವನ ಕರ್ತವ್ಯ. ಇಲ್ಲಿ ಗದ್ದೆ ತುಂಬಿದೆ. ಅದೂ ವಿಟಮಿನ್ ಡಿ 9 ಇದ್ದುಕೊಂಡು ತುಂಬಿದೆ. ಡಿ ಕಮ್ಮಿ ಇರುವವರಲ್ಲಿ ಕ್ಯಾಲ್ಸಿಯಂ ನಿಜಕ್ಕಿಂತ ಕಮ್ಮಿಯೇ ಕಾಣುವುದು. ನಮ್ಮ ದೇಶದಲ್ಲಿ ಈ ಕಾಯಿಲೆ ತಡವಾಗಿ ಗೊತ್ತಾಗಲು ಅದೂ ಒಂದು ಕಾರಣ.

ಎಕ್ಸ್‌ರೇಯಲ್ಲೂ ವ್ಯತ್ಯಾಸ ಕಾಣುತ್ತದೆ. ಫ್ಲೋರೋಸಿಸ್‌ನ ಮೂಳೆ ಹೆಚ್ಚಾಗಿ ಸುಣ್ಣ ಬಳಿದ ಹಾಗೆ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯೂ ಗಟ್ಟಿಯಾಗಿರುತ್ತದೆ. ಪ್ಯಾರಾಥೈರಾಯ್ಡ್ ಕಾಯಿಲೆಯಲ್ಲಿ ಮೂಳೆ ತೆಳು. ಬೆರಳಿನ ನಡುಗೆಣ್ಣಿನ ಅಂಚು, ಹೆಬ್ಬೆರಳ ಕಡೆಯದು, ಗೆದ್ದಲು ಮೆದ್ದ ಹಾಗೆ ಕಾಣುತ್ತದೆ. ಎರಡೂ ಒಬ್ಬರಲ್ಲೇ ಇರಲೂಬಹುದು, ನಮ್ಮ ಜಿಲ್ಲೆಗಳಲ್ಲಿ ಅದನ್ನೂ ತಳ್ಳಿಹಾಕುವ ಹಾಗಿಲ್ಲ.

ಸೊಸೆಯವರೇ, ಇನ್ನು ಮೂರು ಕೆಲಸ.

24 ಗಂಟೆಯ ಮೂತ್ರದಲ್ಲಿ ಕ್ಯಾಲ್ಸಿಯಂ. ಮನೆತನದಲ್ಲಿ ಬರುವ ಒಂದು ಸ್ಥಿತಿ ಇದೆ, ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಮೂತ್ರದಲ್ಲಿ ಬಹಳ ಕಮ್ಮಿ. ಅದಕ್ಕೆ ಆಪರೇಷನ್ ಬೇಡವೇ ಬೇಡ. ಕಲ್ಲಾಗಿರುವ ನಿಮ್ಮತ್ತೆಗೆ ಅದಿರುವ ಸಾಧ್ಯತೆ ಕಮ್ಮಿ, ಆದರೂ ನೋಡಿಬಿಡಬೇಕು.

ಎರಡನೆಯದು ಬಲಗಡೆಯ 1.3 ಸೆಂ.ಮೀ. ಗಂಟು. ಅದನ್ನು ಎಲ್ಲರೂ ಮರೆತಿದ್ದಾರೆ, ನಾನೂ ಸೇರಿ. ಪ್ಯಾರಾಥೈರಾಯ್ಡ್ ಕಾಯಿಲೆ ಇರುವವರಲ್ಲಿ ಥೈರಾಯ್ಡ್ ಗಂಟೂ ಜೊತೆಗಿರುವುದು ಬಹಳ ಸಾಮಾನ್ಯ. ಹೆಚ್ಚಿನವು ಸಾಧು ಗಂಟುಗಳು. ಆದರೆ ಒಂದು ಕಾಯಿಲೆ ಸಿಕ್ಕ ಖುಷಿಯಲ್ಲಿ ಇನ್ನೊಂದನ್ನು ಬಿಟ್ಟುಬಿಡುವುದು ನಮ್ಮ ವೃತ್ತಿಯ ಹಳೇ ಚಟ. ಥೈರಾಯ್ಡ್ ಚೆನ್ನಾಗಿ ನೋಡುವವರ ಹತ್ತಿರ ಮತ್ತೆ ಅಲ್ಟ್ರಾಸೌಂಡ್ ಮಾಡಿಸಿ. ಟೈರಾಡ್ಸ್ ಅಂತ ಕ್ಯಾನ್ಸರ್ ಅನುಮಾನಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 5 ಬಂದರೆ ಒಂದು ಸೆಂಟಿಮೀಟರಿಗೇ ಸೂಜಿ ಹಾಕಿ ನೋಡಬೇಕು, 3 ಬಂದರೆ ಎರಡೂವರೆ ಸೆಂಟಿಮೀಟರ್‌ವರೆಗೆ ಕಾಯಬಹುದು.

ಮೂರನೆಯದು ಸೆಸ್ಟಾಮಿಬಿ ಸ್ಕ್ಯಾನ್, ಬೆಂಗಳೂರಲ್ಲಿ. ಒಂದು ಮಾತು ನೆನಪಿರಲಿ: ಕಾಯಿಲೆ ಇದೆ ಅಂತ ಹೇಳುವುದು ರಕ್ತ ಪರೀಕ್ಷೆ. ಸ್ಕ್ಯಾನ್ ಹೇಳುವುದು ಎಲ್ಲಿದೆ ಅಂತ ಮಾತ್ರ. ಸ್ಕ್ಯಾನಲ್ಲಿ ಏನೂ ಕಾಣದಿದ್ದರೆ ಕಾಯಿಲೆ ಇಲ್ಲ ಅಂತ ಅಲ್ಲ.

ಚಿಂತಾಮಣಿ ಟೊಮೊಟೊ | ಗುರುವಾರ, ರಾತ್ರಿ 10:15

ಎರಡು ಗ್ರಂಥಿಯಲ್ಲೂ ಒಟ್ಟಿಗೆ ಗಂಟು ಅಂದರೆ ವಂಶದಲ್ಲಿ ಬರುವುದಾ ಡಾಕ್ಟ್ರೇ? ಮಕ್ಕಳಿಗೂ ನೋಡಿಸಬೇಕಾ?

ಗಂಟಲು ಕತ್ತರಿ ಕೋಲಾರ | ಗುರುವಾರ, ರಾತ್ರಿ 10:50

ಹೆಚ್ಚಿನವರಲ್ಲಿ ಅಲ್ಲ. ಎರಡೂ ಸಾಮಾನ್ಯ ಕಾಯಿಲೆಗಳೇ, ಹೆಂಗಸರಲ್ಲಿ ನಡುವಯಸ್ಸು ದಾಟಿದ ಮೇಲೆ ಜಾಸ್ತಿ, ಹಾಗಾಗಿ ಒಬ್ಬರಲ್ಲೇ ಸೇರಿಕೊಳ್ಳುತ್ತವೆ. ಚಿಕ್ಕ ವಯಸ್ಸಲ್ಲಿ ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೆ ಎರಡೂ ಬರುವ ಸಾಧ್ಯತೆ ಹೆಚ್ಚು.

ಆದರೆ ಒಂದು ಜೋಡಿಗೆ ನಾವು ಹೆದರುತ್ತೇವೆ. ಥೈರಾಯ್ಡ್‌ನಲ್ಲಿ ಮೆಡುಲ್ಲರಿ ಅನ್ನುವ ಬೇರೆ ಜಾತಿಯ ಕ್ಯಾನ್ಸರ್, ಜೊತೆಗೆ ಪ್ಯಾರಾಥೈರಾಯ್ಡ್, ಜೊತೆಗೆ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಗಂಟು. ಇದು ರೆಟ್ ಅನ್ನುವ ಜೀನಿನ ದೋಷ, ಮನೆತನದಲ್ಲಿ ಬರುತ್ತದೆ. ಕ್ಯಾಲ್ಸಿಟೋನಿನ್ ಅನ್ನುವ ರಕ್ತ ಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಅನುಮಾನ ಇದ್ದರೆ ಅಡ್ರಿನಲ್ ಮೊದಲು ನೋಡಲೇಬೇಕು. ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ಟೇಬಲ್ ಮೇಲೇ ಬಿಪಿ ಆಕಾಶಕ್ಕೆ ಹೋಗಿ ಜೀವಕ್ಕೇ ಬರುತ್ತದೆ.

ಶಿಡ್ಲಘಟ್ಟ ಸೊಸೆ | 16 ದಿನಗಳ ನಂತರ, ರಾತ್ರಿ 9:30

ಗೂಡು ಬಿಡಿಸಿ ಮಾರ್ಕೆಟ್‌ಗೆ ಹಾಕಿದ ಮಾರನೇ ದಿನವೇ ಅತ್ತೆಯನ್ನು ಹೊರಡಿಸಿದೆ. ನಡೆದಿದ್ದು ಹೇಳುತ್ತೇನೆ.

24 ಗಂಟೆ ಮೂತ್ರದ್ದೇ ಒಂದು ರಾಮಾಯಣ. ಲ್ಯಾಬಲ್ಲಿ ಐದು ಲೀಟರ್ ಕ್ಯಾನ್ ಕೊಟ್ಟರು. ಬೆಳಿಗ್ಗೆ ಮೊದಲ ಸಲದ್ದು ಬಿಟ್ಟು, ಮಾರನೇ ಬೆಳಿಗ್ಗೆ ಮೊದಲನೆಯದರವರೆಗೆ ಎಲ್ಲಾ ಹಿಡಿಯಬೇಕು. ಅತ್ತೆಗೆ ನಾಚಿಕೆ. ಹುಳದ ಮನೆ ಹಿಂದೆ ಗೋಣಿಚೀಲ ಮುಚ್ಚಿ ಇಟ್ಟಿದ್ದರು. ಮಾವ ಅದೇನೋ ಸೊಪ್ಪಿಗೆ ಹೊಡೆಯುವ ಔಷಧಿ ಅಂದುಕೊಂಡು ಎತ್ತಿಡಲು ಹೋಗಿ... ಬಿಡಿ. ಎರಡನೇ ಸಲ ಹಿಡಿದೆವು. 310 ಮಿಲಿಗ್ರಾಂ ಬಂತು, ಜಾಸ್ತಿಯೇ. ಆ ಮನೆತನದ ಸ್ಥಿತಿ ಅಲ್ಲ ಅಂದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಮತ್ತೆ ಮಾಡಿದರು. ಈ ಡಾಕ್ಟರಮ್ಮ ನನ್ನನ್ನೂ ಪಕ್ಕ ನಿಲ್ಲಿಸಿಕೊಂಡು ತೋರಿಸಿದರು. ಎಡಗಡೆಯದು ಕಪ್ಪಗೆ, ಮೊಟ್ಟೆ ಆಕಾರ. ಥೈರಾಯ್ಡ್‌ಗೂ ಅದಕ್ಕೂ ನಡುವೆ ಒಂದು ಬಿಳಿ ಗೆರೆ. ಒಂದು ತುದಿಯಿಂದ ರಕ್ತನಾಳ ಒಳಗೆ ಹೋಗುತ್ತಿತ್ತು, ಹಣ್ಣಿಗೆ ತೊಟ್ಟು ಇದ್ದ ಹಾಗೆ. "ಥೈರಾಯ್ಡ್ ಗಂಟಾದರೆ ಸುತ್ತಲಿಂದ ನಾಳ ಬರುತ್ತೆ, ಇದಕ್ಕೆ ತೊಟ್ಟಿದೆ ನೋಡಿ" ಅಂದರು. ಬಲಗಡೆಯದನ್ನು ನೋಡುವಾಗ ಮಾತಾಡಲಿಲ್ಲ. ಅಂಚು ಸೊಟ್ಟಪಟ್ಟ, ಒಳಗೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು. ಟೈರಾಡ್ಸ್ 5.

ಆಮೇಲೆ ಸೆಸ್ಟಾಮಿಬಿ. ಕೈಗೆ ಒಂದು ಇಂಜೆಕ್ಷನ್, ಹದಿನೈದು ನಿಮಿಷಕ್ಕೆ ಒಂದು ಫೋಟೋ. ಎರಡು ಗಂಟೆ ಬಿಟ್ಟು ಇನ್ನೊಂದು. ನಡುವೆ ಇಡ್ಲಿ ತಿಂದು ಬನ್ನಿ ಅಂದರು. ಥೈರಾಯ್ಡ್‌ನಿಂದ ಔಷಧಿ ಬೇಗ ತೊಳೆದುಹೋಗುತ್ತದೆ, ಪ್ಯಾರಾಥೈರಾಯ್ಡ್ ಗಂಟಿನಲ್ಲಿ ಉಳಿದುಕೊಳ್ಳುತ್ತದೆ ಅಂತ ಲೆಕ್ಕ. ನಮಗೆ ಎರಡನೇ ಫೋಟೋದಲ್ಲೂ ಎರಡೂ ಕಡೆ ದೀಪ ಹಚ್ಚಿದ ಹಾಗೆ ಹೊಳೆಯುತ್ತಿತ್ತು! ಹಾಗಾದರೆ ಎರಡೂ ಪ್ಯಾರಾಥೈರಾಯ್ಡಾ?

ಗಂಟಲು ಕತ್ತರಿ ಕೋಲಾರ | ಅದೇ ದಿನ, ರಾತ್ರಿ 10:05

ಆ ಸ್ಕ್ಯಾನಿನ ದೌರ್ಬಲ್ಯವೇ ಅದು. ಕೆಲವು ಥೈರಾಯ್ಡ್ ಗಂಟುಗಳು, ಕ್ಯಾನ್ಸರ್ ಸೇರಿ, ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದಕ್ಕೇ ಎರಡು ಕಾಯಿಲೆ ಒಟ್ಟಿಗಿರುವವರಲ್ಲಿ ಸ್ಕ್ಯಾನ್ ಒಂದನ್ನೇ ನಂಬಿ ಹೊರಟರೆ ದಾರಿ ತಪ್ಪುತ್ತೇವೆ. ಅಲ್ಟ್ರಾಸೌಂಡ್ ಜೊತೆ ಇಟ್ಟು ಓದಬೇಕು. ಸೂಜಿ ತೊಳೆದ ನೀರಲ್ಲಿ ಪಿಟಿಹೆಚ್ ನೋಡಿದರಾ?

ಶಿಡ್ಲಘಟ್ಟ ಸೊಸೆ | ಅದೇ ದಿನ, ರಾತ್ರಿ 10:20

ಹೌದು, ಅದನ್ನೇ ಬರೆಯಲು ಹೊರಟಿದ್ದೆ. ಎಡಗಡೆಗೆ ಸೂಜಿ ಹಾಕಿ, ಆ ಸೂಜಿಯನ್ನು ಒಂದು ಎಂ.ಎಲ್. ಸಲೈನ್‌ನಲ್ಲಿ ತೊಳೆದರು. ಆ ನೀರಿನಲ್ಲಿ ಪಿಟಿಹೆಚ್ 3,000 ದಾಟಿತ್ತು. ಥೈರಾಯ್ಡ್ ಆಗಿದ್ದರೆ ಅಷ್ಟು ಇರಲು ಸಾಧ್ಯವೇ ಇಲ್ಲ ಅಂದರು. ಬಲಗಡೆಯದಕ್ಕೆ ಎಫ್‌ಎನ್‌ಎಸಿ: ಬೆಥೆಸ್ಡಾ 6, ಪ್ಯಾಪಿಲ್ಲರಿ ಕ್ಯಾನ್ಸರ್.

ಕ್ಯಾಲ್ಸಿಟೋನಿನ್ ನಾರ್ಮಲ್. ಅದೊಂದು ಸಮಾಧಾನ.

ನನಗೆ ತಲೆಯಲ್ಲಿ ಓಡುತ್ತಿರುವುದು ಒಂದೇ. ಮೊದಲು ಹೇಳಿದ ಹಾಗೆ ಅಡ್ಮಿಟ್ ಆಗಿದ್ದರೆ ಎಡಗಡೆಯ ಅರ್ಧ ಥೈರಾಯ್ಡ್ ತೆಗೆಯುತ್ತಿದ್ದರು. ಎಡಗಡೆ ಥೈರಾಯ್ಡ್‌ಗೆ ಏನೂ ಆಗಿಲ್ಲ. ಕ್ಯಾನ್ಸರ್ ಬಲಗಡೆ ಇತ್ತು.

ಲ್ಯಾಬ್ ಅಣ್ಣ ಚಿಕ್ಕಬಳ್ಳಾಪುರ | ಮರುದಿನ, ಬೆಳಿಗ್ಗೆ 7:00

ಅಮ್ಮಾ, ಧೈರ್ಯ. ಪ್ಯಾಪಿಲ್ಲರಿ ಥೈರಾಯ್ಡ್ ಕ್ಯಾನ್ಸರ್, ಅದೂ ಈ ಸೈಜಿನದು, ಚೆನ್ನಾಗಿ ವಾಸಿಯಾಗುವಂಥದ್ದು. ಇನ್ನೊಂದು ಕಾರ್ಡಿನ ವಿಷಯ: ಬಿಪಿಎಲ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಮೊದಲೇ ಮಾಡಿಸಿಕೊಳ್ಳಿ, ಅಡ್ಮಿಟ್ ಆದ ಮೇಲೆ ಓಡಾಡುವುದು ಕಷ್ಟ.

ಪಾವಗಡ ಮೇಷ್ಟ್ರು | ಮರುದಿನ, ಬೆಳಿಗ್ಗೆ 9:20

ಒಂದು ವಾರದಿಂದ ಈ ಗ್ರಂಥಿಯ ಬಗ್ಗೆ ಓದುವುದೇ ಕೆಲಸವಾಗಿದೆ ನನಗೆ. ಇದನ್ನು ಮೊದಲು ಗುರುತಿಸಿದ್ದು ಮನುಷ್ಯನಲ್ಲಿ ಅಲ್ಲ, ನಮ್ಮ ಭಾರತದ ಘೇಂಡಾಮೃಗದಲ್ಲಿ! ಲಂಡನ್ ಮೃಗಾಲಯದಲ್ಲಿ ಸತ್ತ ಘೇಂಡಾಮೃಗವನ್ನು 1850ರ ಸುಮಾರಿಗೆ ರಿಚರ್ಡ್ ಓವನ್ ಕೊಯ್ದು ನೋಡಿದಾಗ ಕಂಡಿತಂತೆ. ಮನುಷ್ಯನಲ್ಲಿ ಗುರುತಿಸಿದ್ದು 1880ರಲ್ಲಿ, ಸ್ವೀಡನ್ನಿನ ಇವಾರ್ ಸಾಂಡ್‌ಸ್ಟ್ರೋಮ್. ಇನ್ನೊಬ್ಬ ಹಡಗಿನ ಕ್ಯಾಪ್ಟನ್, ಮಾರ್ಟೆಲ್ ಅಂತ. ಅಮೆರಿಕದಲ್ಲಿ ಅವನಿಗೆ ಆರು ಸಲ ಕುತ್ತಿಗೆ ಕೊಯ್ದರೂ ಗಂಟು ಸಿಗಲಿಲ್ಲ. 1932ರಲ್ಲಿ ಏಳನೇ ಸಲ ಎದೆಯೊಳಗೆ ಸಿಕ್ಕಿತು. ಪಾಪ, ಆಮೇಲೆ ಬಹಳ ದಿನ ಬದುಕಲಿಲ್ಲ. ಆಗ ಈ ಸ್ಕ್ಯಾನ್‌ಗಳಿದ್ದಿದ್ದರೆ ಅನಿಸಿತು.

ವಿಷಯಕ್ಕೆ ಸಂಬಂಧವಿಲ್ಲ ಅಂತ ಗೊತ್ತು. ತಡೆಯಲು ಆಗಲಿಲ್ಲ.

ಮುಳಬಾಗಿಲು ದೋಸೆ | ಮರುದಿನ, ಬೆಳಿಗ್ಗೆ 10:00

ಮೇಷ್ಟ್ರೇ 😄

ಅಕ್ಕ, ಆಪರೇಷನ್ ಆದ ಮೇಲಿನದ್ದು ಒಂದು ಹೇಳುತ್ತೇನೆ, ನನಗೆ ಯಾರೂ ಹೇಳಿರಲಿಲ್ಲ. ಗಂಟು ತೆಗೆದ ಎರಡು ಮೂರು ದಿನಕ್ಕೆ ತುಟಿ ಸುತ್ತ, ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ ಆಗಬಹುದು. ಕೈ ಸೆಟೆದುಕೊಳ್ಳಬಹುದು. ಇಷ್ಟು ವರ್ಷ ಖಾಲಿಯಾದ ಮೂಳೆ ಒಮ್ಮೆಗೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, "ಹಸಿದ ಮೂಳೆ" ಅನ್ನುತ್ತಾರೆ. ಆಲ್ಕಲೈನ್ ಫಾಸ್ಫಟೇಸ್ ಜಾಸ್ತಿ ಇರುವವರಿಗೆ, ಡಿ ಕಮ್ಮಿ ಇರುವವರಿಗೆ ಇದು ಹೆಚ್ಚು. ನಿಮ್ಮತ್ತೆಗೆ ಎರಡೂ ಇದೆ. ಜುಮ್ಮೆನಿಸಿದ ತಕ್ಷಣ ನರ್ಸಿಗೆ ಹೇಳಲು ಅವರಿಗೆ ಮೊದಲೇ ಹೇಳಿಡಿ. ನಾನು ಗ್ಯಾಸ್ಟ್ರಿಕ್ ಅಂದುಕೊಂಡು ಸುಮ್ಮನಿದ್ದೆ, ಪೆದ್ದಿ.

ಶಿಡ್ಲಘಟ್ಟ ಸೊಸೆ | 5 ವಾರಗಳ ನಂತರ, ರಾತ್ರಿ 8:50

ಆಪರೇಷನ್ ಆಯಿತು. ಒಂದೇ ಸಲಕ್ಕೆ ಎರಡೂ. ಬಲಗಡೆ ಅರ್ಧ ಥೈರಾಯ್ಡ್, ಎಡಗಡೆ ಕೆಳಗಿನ ಪ್ಯಾರಾಥೈರಾಯ್ಡ್. ಎಡಗಡೆ ಥೈರಾಯ್ಡ್ ಹಾಗೇ ಉಳಿಸಿದ್ದಾರೆ.

ಒಳಗೆ ನಡೆದಿದ್ದನ್ನು ಡಾಕ್ಟರು ಆಮೇಲೆ ಹೇಳಿದರು. ಗಂಟು ತೆಗೆಯುವ ಮೊದಲು ಪಿಟಿಹೆಚ್ 230. ತೆಗೆದು ಹತ್ತು ನಿಮಿಷಕ್ಕೆ ಮತ್ತೆ ರಕ್ತ ತೆಗೆದರು, 48. ಈ ಹಾರ್ಮೋನ್ ರಕ್ತದಲ್ಲಿ ಮೂರರಿಂದ ಐದು ನಿಮಿಷಕ್ಕೆ ಅರ್ಧ ಆಗುತ್ತದಂತೆ. ಅರ್ಧಕ್ಕಿಂತ ಕೆಳಗೆ ಇಳಿದರೆ ತಪ್ಪು ಮಾಡಿದ ನೀರುಗಂಟಿ ಇವನೇ ಅಂತ ಅರ್ಥ. (ನೀರುಗಂಟಿ ಕತೆ ನಾನೇ ಅವರಿಗೆ ಹೇಳಿದೆ. ನಕ್ಕರು. ಪಕ್ಕದ ಬೆಡ್‌ನವರಿಗೂ ಅದನ್ನೇ ಹೇಳುತ್ತಿದ್ದರು.) ಬಯಾಪ್ಸಿ: ಬಲಗಡೆ ಪ್ಯಾಪಿಲ್ಲರಿ ಕಾರ್ಸಿನೋಮಾ, ಥೈರಾಯ್ಡ್ ಒಳಗೇ ಇದೆ, ಹೊರಗೆ ಹೋಗಿಲ್ಲ. ಎಡಗಡೆ ಪ್ಯಾರಾಥೈರಾಯ್ಡ್ ಅಡಿನೋಮಾ, ಕ್ಯಾನ್ಸರ್ ಅಲ್ಲ.

ಮೂರನೇ ದಿನ ಬೆಳಗಿನ ಜಾವ ಅತ್ತೆ ನನ್ನನ್ನು ಎಬ್ಬಿಸಿ "ತುಟಿ ಮೇಲೆ ಹುಳ ಹರಿಯುತ್ತಿದೆ ಕಣೇ" ಅಂದರು. ನಿದ್ದೆಗಣ್ಣಲ್ಲಿ ರೇಷ್ಮೆ ಹುಳ ಅಂದುಕೊಂಡು ಹಾಸಿಗೆ ಕೊಡವಿದೆ. ಆಮೇಲೆ ನೆನಪಾಗಿ ಓಡಿದೆ. ಕ್ಯಾಲ್ಸಿಯಂ 7.6. ಡ್ರಿಪ್ ಹಾಕಿದರು, ಮಾತ್ರೆ ಜಾಸ್ತಿ ಮಾಡಿದರು. ದೋಸೆ ಅಕ್ಕ, ನಿಮಗೆ ಕೈ ಮುಗಿಯುತ್ತೇನೆ.

ಈಗ ಕ್ಯಾಲ್ಸಿಯಂ 8.9. ಮಾತ್ರೆ ನಡೆಯುತ್ತಿದೆ, ಮೂರು ತಿಂಗಳಿಗೊಮ್ಮೆ ಹೋಗಬೇಕು. ಸೊಂಟ ನೋವು ಪೂರ್ತಿ ಹೋಗಿಲ್ಲ. ಕ್ಯಾನ್ ನೀರೂ ನಿಲ್ಲಿಸಿಲ್ಲ ಮೇಷ್ಟ್ರೇ. ರಾತ್ರಿ ಏಳುವುದು ಮಾತ್ರ ನಿಂತಿದೆ.

ತಿಪಟೂರು ಕೊಬ್ಬರಿ | ಅದೇ ದಿನ, ರಾತ್ರಿ 9:10

ದನಿ ಹೇಗಿದೆ ಅವರದು?

ಶಿಡ್ಲಘಟ್ಟ ಸೊಸೆ | ಅದೇ ದಿನ, ರಾತ್ರಿ 9:14

ಇವತ್ತು ಹುಳಕ್ಕೆ ಸೊಪ್ಪು ತಡವಾಯಿತು ಅಂತ ಬೈದರು. ಬೀದಿ ಕೊನೆಗೆ ಕೇಳಿಸಿತು.